ಅಲುಗಾಡಬೇಕಾದ ಚಿತ್ರಗಳು

"ಯಾರು ಹೇಳಿದ್ದೋ ನಿಂಗೆ ಅಂಟಿಸು ಅಂತ? ನಾನು ಹೇಳಿದ್ನಾ? ಇಲ್ಲಾ ಆ ಚಿತ್ರಾನೇ ಬಂದು ನಿನ್ನ ಕಾಲು ಹಿಡೀತಾ, ಬೀಳ್ತೀನಿ ಕಾಪಾಡಪ್ಪಾ ಅಂತ?"

"ಅಲುಗಾಡ್ತಿತ್ತಲ್ಲ ಅಕ್ಕಾ."

"ಅಲುಗಾಡ್ಲಿ ಅಂತಾನೇ ಕಣೋ ಮಾಡಿದ್ದು, ಮಂಕೇ."

"ನಂಗೇನು ಗೊತ್ತು? ಚೌಕಟ್ಟಿನ ಒಳಗಿರೋ ಸಾಮಾನು ಅಲುಗಾಡಿದ್ರೆ ಕೆಲಸಗಾರನಿಗೆ ಅವಮಾನ. ಇಷ್ಟು ವರ್ಷ ಇದೇ ಅಂಗಡೀಲಿ ಕೂತಿದೀಯ, ಅಷ್ಟು ತಿಳೀದಾ?"

ಅಕ್ಕ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಟೀ ಹೊರಗೆ ಹಾರಿ, ಕತ್ತರಿಸಲು ಇಟ್ಟಿದ್ದ ಗಾಜಿನ ಮೇಲೆ ಬಿತ್ತು. ಜಗಳವನ್ನು ಅಲ್ಲಿಗೇ ಬಿಟ್ಟು ಒರೆಸುವ ಬಟ್ಟೆ ಹುಡುಕತೊಡಗಿದ ತಮ್ಮ. ಅದನ್ನು ನೋಡಿ ಅವಳಿಗೆ ಇನ್ನಷ್ಟು ಮೈ ಉರಿಯಿತು.

"ಗಾಜು ಆಮೇಲೆ ಒರೆಸು. ಮೊದಲು ಇಲ್ಲಿ ಬಾ. ಈ ಜಿಪ್ಪು ಎಳಿ. ಎಳಿ ಅಂದೆ."

ತಮ್ಮ ಬಂದು ಎಳೆದ. ಜಿಪ್ಪು ಮಿಸುಕಲಿಲ್ಲ. ಅವನ ಮುಖದಲ್ಲಿ ತೃಪ್ತಿ ಮೂಡಿತು.

"ನೋಡು, ಎಷ್ಟು ಗಟ್ಟಿಯಾಗಿ ಕೂತಿದೆ" ಅಂದ.

ಆ ಬೀದಿಯ ಜನ ಈ ಇಬ್ಬರನ್ನೂ ಅಡ್ಡಹೆಸರಿನಿಂದಲೇ ಬಲ್ಲರು. ಅಕ್ಕ ಬೆಂಕಿಪೊಟ್ಟಣ. ಗೀರಬೇಕೆಂದೇನಿಲ್ಲ, ಹತ್ತಿರ ಹೋಗಿ ನಿಂತರೂ ಸಾಕು. ತಮ್ಮ ರಸಮಟ್ಟ. ಬಡಗಿಗಳು ಮಟ್ಟ ನೋಡುವ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಆ ಸಲಕರಣೆ ಸದಾ ಅವನ ಜೇಬಿನಲ್ಲಿರುತ್ತಿತ್ತು. ನೆಂಟರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೊಗಳನ್ನು ಮಟ್ಟ ಹಿಡಿದು ಸರಿಮಾಡಿ, ಆಮೇಲೆ ಯೋಗಕ್ಷೇಮ ವಿಚಾರಿಸುವ ಆಸಾಮಿ. ಅವನು ಚೌಕಟ್ಟು ಹಾಕಿದ ಫೋಟೊ ಗೋಡೆ ಬಿದ್ದರೂ ಬಿಚ್ಚುವುದಿಲ್ಲ ಅಂತ ಗಿರಾಕಿಗಳು ಹೇಳುತ್ತಿದ್ದರು. ಅದನ್ನು ಕೇಳಿದ ದಿನ ಅವನು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ.

ಅಂಗಡಿ ಅಪ್ಪನ ಕಾಲದ್ದು. ಮುಂದಿನ ಕೋಣೆಯಲ್ಲಿ ಗೋಡೆ ತುಂಬ ಚೌಕಟ್ಟಿನ ಮೂಲೆಗಳ ಮಾದರಿ, ಉದ್ದನೆಯ ಮೇಜು, ಗರಗಸ, ಗಾಜು. ಹಿಂದಿನ ಕೋಣೆ ಅಕ್ಕನದು. ಚಿತ್ರಕ್ಕೂ ಚೌಕಟ್ಟಿಗೂ ನಡುವೆ ಕೂರಿಸುವ ದಪ್ಪ ರಟ್ಟಿನ ಅಂಚನ್ನು ಕತ್ತರಿಸುವುದು ಅವಳ ಕೆಲಸ. ರಟ್ಟಿನ ನಡುವೆ ಕಿಟಕಿಯಂತೆ ಕೊಯ್ದರೆ ಅಂಚು ಉಳಿಯುತ್ತದೆ, ನಡುವಿನ ತುಂಡು ಕೆಳಗೆ ಬೀಳುತ್ತದೆ. ಅಂಚು ಗಿರಾಕಿಗೆ, ತುಂಡು ಕಸಕ್ಕೆ. ಒಂದು ದಿನ ಯಾರ ಮೇಲೋ ಸಿಟ್ಟಾಗಿದ್ದಾಗ ಅವಳು ಅಂಥ ಒಂದು ತುಂಡನ್ನು ಕಸದ ಬುಟ್ಟಿಯಿಂದ ಎತ್ತಿ, ಅದರ ಮೇಲೆ ಆ ಮನುಷ್ಯನ ಮೂಗಿನ ಜಾಗಕ್ಕೆ ಒಂದು ಬಾಗಿದ ಚಮಚ ಅಂಟಿಸಿದಳು. ಚಮಚ ಮೂಗಾಯಿತು. ಸುಮ್ಮನೆ ಆಗಲಿಲ್ಲ, ನೆಗಡಿಯಾದ ಮೂಗೇ ಆಯಿತು. ಅವಳ ಸಿಟ್ಟು ಎಲ್ಲಿ ಹೋಯಿತೋ, ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಶುರು.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅವಳಿಂದ ಒಂದು ಮಡಕೆಯನ್ನು ವರ್ಷವಿಡೀ ಬರೆಸಿದ್ದರು. ಮಡಕೆಯ ನೆರಳು ಎಡಕ್ಕೆ ಬೀಳಬೇಕೋ ಬಲಕ್ಕೆ ಬೀಳಬೇಕೋ ಅನ್ನುವುದರಲ್ಲೇ ಅವಳ ಚಿತ್ರಕಲೆ ಮುಗಿದುಹೋಗಿತ್ತು. ಈಗ ನೆರಳಿನ ಗೊಡವೆಯೇ ಇಲ್ಲ. ಸಾಮಾನು ಉಬ್ಬಿಕೊಂಡಿರುತ್ತದೆ, ನೆರಳು ತಾನೇ ಬೀಳುತ್ತದೆ, ಎತ್ತ ಬೇಕೋ ಅತ್ತ. ಬಣ್ಣ ಬಳಿ, ಬಟ್ಟೆ ಹಚ್ಚು, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅಂಟಿಸು, ಅದರ ಮೇಲೆ ಮತ್ತೆ ಬಣ್ಣ, ಅದರ ಮೇಲೆ ಒಂದು ಗುಂಡಿ, ಒಂದು ಕೀಲು, ಛತ್ರಿಯ ಒಂದು ಕಡ್ಡಿ. ಇದ್ದಕ್ಕಿದ್ದಂತೆ ಯಾವುದೋ ಒಂದು ಗಳಿಗೆಯಲ್ಲಿ ಛತ್ರಿಯ ಕಡ್ಡಿ ಕಡ್ಡಿಯಾಗಿ ಉಳಿಯುವುದಿಲ್ಲ, ಕೊಕ್ಕರೆಯ ಕಾಲಾಗುತ್ತದೆ. ಆ ಗಳಿಗೆ ಬಂದಾಗ ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಕೋಣೆಯೊಳಗೇ ನಾಲ್ಕು ಸುತ್ತು ಹಾಕುತ್ತಾಳೆ.

ಆದರೆ ಬರೀ ನೋಡುವ ಚಿತ್ರವಾದರೆ ಅವಳಿಗೆ ಸಾಲದು. ಮುಟ್ಟಬೇಕು, ಎಳೆಯಬೇಕು, ತಿರುಗಿಸಬೇಕು. ಪಕ್ಕದ ಮನೆಯಾಕೆಯ ಚಿತ್ರ ಇತ್ತು: ಮುಖದ ಸುತ್ತ ಕುಕ್ಕರಿನ ರಬ್ಬರು, ಬಾಯಿಯ ಜಾಗಕ್ಕೆ ಜಿಪ್ಪು. ಎಳೆದರೆ ಕೆಂಪು ಮಖಮಲ್ಲಿನ ನಾಲಿಗೆ ಗೇಣುದ್ದ ಹೊರಗೆ ಜೋತುಬೀಳುತ್ತದೆ. ಫೋನು ನುಂಗಿದ ಬೆಕ್ಕಿತ್ತು: ಹೊಟ್ಟೆಯಲ್ಲಿ ಹಳೆಯ ಫೋನಿನ ಡಯಲ್, ತಿರುಗಿಸಿದರೆ ಬಾಲ ಆಡುತ್ತದೆ. ಒಂದು ಉದ್ದನೆಯ ಬಸ್ಸು: ಕಿಟಕಿ ತೆರೆದರೆ ಒಳಗೆ ಒಬ್ಬೊಬ್ಬ ಪ್ರಯಾಣಿಕ, ಒಬ್ಬ ನಿದ್ದೆ, ಒಬ್ಬಳು ಬಾಳೆಹಣ್ಣು, ಒಬ್ಬನಿಗೆ ಇಳಿಯುವ ಜಾಗ ದಾಟಿಹೋದ ಗಾಬರಿ. ಇನ್ನೊಂದು ಅವರದೇ ಮನೆಯ ಗುಂಪು ಫೋಟೊ: ಅಪ್ಪ, ಅಮ್ಮ, ಅಕ್ಕ, ತಮ್ಮ, ತಮ್ಮನ ಹೆಂಡತಿ, ಕಾಲಬಳಿ ನಾಯಿ. ಎಲ್ಲರ ಕುತ್ತಿಗೆಯಲ್ಲೂ ಸ್ಪ್ರಿಂಗು. ತಟ್ಟಿದರೆ ಇಡೀ ಸಂಸಾರ ಹೌದೌದೌದು ಅಂತ ತಲೆ ಆಡಿಸುತ್ತದೆ. ಹೀಗೆ ಇನ್ನೂ ಕೆಲವು.

ಮರುದಿನ ಸಂಜೆ ಐದಕ್ಕೆ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಅವಳ ಪ್ರದರ್ಶನ. ಜೀವಮಾನದಲ್ಲಿ ಮೊದಲನೆಯದು. ಚಿತ್ರಗಳಿಗೆ ಚೌಕಟ್ಟು ಹಾಕಿಡು ಅಂತ ತಮ್ಮನ ಕೈಗೆ ಕೊಟ್ಟು ಅವಳು ಎರಡು ದಿನ ಕರಪತ್ರ ಹಂಚಲು ಓಡಾಡಿದ್ದಳು. ಅವನು ಚೌಕಟ್ಟು ಹಾಕಿದ್ದ. ಅಂಥ ಚೌಕಟ್ಟು ಅರಮನೆಯಲ್ಲೂ ಇರಲಾರದು. ಜೊತೆಗೆ, ಅಕ್ಕ ಅವಸರದಲ್ಲಿ ಅರೆಬರೆ ಅಂಟಿಸಿದ್ದಾಳೆ, ನಾಳೆ ಜನರ ಮುಂದೆ ಉದುರಿ ಅವಳ ಮಾನ ಹೋದೀತು ಅಂತ, ಎರಡು ಟ್ಯೂಬು ಬೆರೆಸಿ ಹಚ್ಚುವ ಗಟ್ಟಿ ಅಂಟು ತಂದು, ಅಲುಗಾಡುವುದನ್ನೆಲ್ಲ ಒಂದೂ ಬಿಡದೆ ಬಿಗಿಮಾಡಿದ್ದ. ಜಿಪ್ಪು, ಡಯಲ್, ಕಿಟಕಿಯ ಕೀಲು, ಸ್ಪ್ರಿಂಗು, ಎಲ್ಲ. ಬೆಕ್ಕಿನ ಬಾಲಕ್ಕೆ ಎರಡು ಮೊಳೆ ಬೇರೆ.

"ನಾಳೆ ಸಂಜೆ ಜನ ಬರ್ತಾರೆ" ಅಂದಳು ಅಕ್ಕ. ದನಿ ಇಳಿದಿತ್ತು. ಅವಳ ದನಿ ಇಳಿಯಿತೆಂದರೆ ಅಪಾಯ ಹೆಚ್ಚು. "ಬಂದು ನೋಡ್ತಾರೆ. ಏನು ನೋಡ್ತಾರೆ? ಒಂದು ರಟ್ಟು. ರಟ್ಟಿನ ಮೇಲೆ ಗುಜರಿ. ಇದು ಅಲುಗಾಡದೇ ಇದ್ರೆ ಗುಜರಿ ಕಣೋ. ಅಲುಗಾಡಿದ್ರೆ ಮಾತ್ರ ಚಿತ್ರ."

"ಹಾಗಂತ ನೀನು ಮೊದಲೇ ಹೇಳ್ಬೇಕಿತ್ತು."

"ಜಿಪ್ಪು ಯಾಕಿರುತ್ತೆ ಅಂತ ಹೇಳ್ಬೇಕೇನೋ ನಿಂಗೆ? ನಿನ್ನ ಪ್ಯಾಂಟಿಗೆ ಅಂಟು ಹಾಕ್ತೀಯಾ?"

ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಮಹಡಿಯ ಮೇಲೆ ಮನೆ, ಮೆಟ್ಟಿಲು ಹಿಂದಿನ ಕೋಣೆಯೊಳಗೇ ಇಳಿಯುತ್ತಿತ್ತು. ತಮ್ಮನ ಹೆಂಡತಿ ಕೊನೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ನಗು, ನಗು" ಅಂದ ತಮ್ಮ. "ನೀನೂ ಅವಳ ಕಡೆಗೇ ಸೇರ್ಕೋ."

"ನಾನು ಯಾರ ಕಡೆಗೂ ಇಲ್ಲಪ್ಪ" ಅಂದಳು ಅವಳು. "ಅತ್ತಿಗೆ, ಆ ಅಂಟು ಬಿಸಿಗೆ ಮೆತ್ತಗಾಗುತ್ತೆ. ಮಿಕ್ಸಿ ಹಿಡಿಗೆ ಇವರು ಅದನ್ನೇ ಹಾಕಿದ್ರು, ಒಲೆ ಪಕ್ಕ ಇಟ್ಟಿದ್ದಕ್ಕೆ ಕಳಚಿ ಬಂತು. ನನ್ನ ಕೂದಲು ಒಣಗಿಸೋ ಮಿಷನ್ ತರ್ಲಾ?"

ಅಕ್ಕ ಅವಳನ್ನು ನೋಡಿದ ನೋಟದಲ್ಲಿ ಮುತ್ತಿಕ್ಕುವುದೊಂದು ಬಾಕಿ. "ಓಡು" ಅಂದಳು.

ಹೊರಗಿನ ಬೆಳಕು ಚೆನ್ನಾಗಿ ಬೀಳುವ ಮುಂದಿನ ಕೋಣೆಯ ಮೇಜನ್ನೇ ಅಕ್ಕ ಆಕ್ರಮಿಸಿದಳು. ತಮ್ಮ ಗರಗಸ ಎತ್ತಿಕೊಂಡು ಮೂಲೆಗೆ ಸರಿದ. ಮೊದಲು ಪಕ್ಕದ ಮನೆಯಾಕೆ. ಬಿಸಿಗಾಳಿ ಬಿಟ್ಟಳು, ತೆಳು ಚಾಕು ತೂರಿಸಿದಳು, ಇಕ್ಕಳದಲ್ಲಿ ಜಿಪ್ಪಿನ ಕೊಂಡಿ ಹಿಡಿದು ಜಗ್ಗಿದಳು. ಜಿಪ್ಪು ಬಿಟ್ಟುಕೊಂಡಿತು. ಜೊತೆಗೆ ಆಕೆಯ ಅರ್ಧ ಕೆನ್ನೆಯೂ ಕಿತ್ತುಬಂತು. ಮೂಲೆಯಿಂದ ತಮ್ಮ ಹಲ್ಲು ಕಚ್ಚಿ ಉಸಿರೆಳೆದದ್ದು ಕೇಳಿಸಿತು, ತನ್ನ ಚರ್ಮವನ್ನೇ ಯಾರೋ ಸುಲಿದಂತೆ.

ಅಕ್ಕ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಕೆನ್ನೆ ಕಿತ್ತ ಜಾಗದಲ್ಲಿ, ಅಡಿಯಲ್ಲಿ ಯಾವಾಗಲೋ ಅಂಟಿಸಿದ್ದ ಕ್ಯಾಲೆಂಡರಿನ ಹಾಳೆ ಹೊರಬಿದ್ದಿತ್ತು. ಅದರಲ್ಲಿ ಅರ್ಧ ಗುಲಾಬಿ ಹೂವು. ಪಕ್ಕದ ಮನೆಯಾಕೆ ಆ ಮುಖ ಹೊತ್ತು ಇಷ್ಟು ದಿನ ಬರೀ ಜಗಳಗಂಟಿಯಾಗಿದ್ದಳು. ಈಗ ಸಿಟ್ಟಿನ ಮುಖದ ಅಡಿಯಿಂದ ಒಂದು ಗುಲಾಬಿ ಇಣುಕುತ್ತಿದೆ. ಸುತ್ತಲ ಬಣ್ಣ ಬಿಸಿಗೆ ಬಾಡಿ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿದೆ. ಕುಂಚ ಹಿಡಿದು ಒಂದು ತಿಂಗಳು ಕೂತರೂ ಇಂಥ ಸುಕ್ಕು ಬರುವುದಿಲ್ಲ.

"ಅಯ್ಯೋ" ಅಂದಳು ಅಕ್ಕ. "ಅಯ್ಯಯ್ಯೋ."

"ಹಾಳಾಯ್ತಾ ಅತ್ತಿಗೆ?"

"ಸುಮ್ನಿರೇ. ಮಿಷನ್ ಇನ್ನೂ ಹತ್ತಿರ ಹಿಡಿ. ಇಲ್ಲಿ, ಹಣೆ ಮೇಲೆ."

ಅಲ್ಲಿಂದ ಮುಂದೆ ಅವಳನ್ನು ತಡೆಯುವವರು ಯಾರು? ಎಲ್ಲೆಲ್ಲಿ ತಮ್ಮ ಅಂಟು ಹಾಕಿದ್ದನೋ ಅಲ್ಲೆಲ್ಲ ಬಿಸಿ, ಅಲ್ಲೆಲ್ಲ ಚಾಕು, ಅಲ್ಲೆಲ್ಲ ಒಂದೊಂದು ಗಾಯ. ಒಂದೊಂದು ಗಾಯದೊಳಗೂ ಅವಳಿಗೆ ಏನೋ ಒಂದು ಕಾಣುತ್ತಿತ್ತು. ಬಸ್ಸಿನ ಒಂದು ಕಿಟಕಿ ರಟ್ಟಿನ ಸಮೇತ ಕಿತ್ತುಬಂದು ತೂತು ಬಿತ್ತು. ಅವಳು ಆ ತೂತಿನ ಹಿಂದೆ ಬಟ್ಟೆಯ ಒಂದು ಕೈ ಹೊಲಿದು, ದಾರ ಕಟ್ಟಿ, ದಾರವನ್ನು ಕೆಳಗೆ ಇಳಿಬಿಟ್ಟಳು. ಎಳೆದರೆ ಕೈ ಹೊರಗೆ ಬಂದು ಟಾಟಾ ಮಾಡುತ್ತದೆ. ಬೆಕ್ಕಿನ ಬಾಲದ ಮೊಳೆ ಕಿತ್ತಾಗ ಬಾಲ ಸೀಳಿ ಎರಡಾಯಿತು. ಇರಲಿ, ಎರಡು ಬಾಲದ ಬೆಕ್ಕು, ಎರಡು ಮನೆಗೆ ಫೋನು ಮಾಡಲಿ. ಅವಳ ಕೈ ನಿಲ್ಲುತ್ತಿರಲಿಲ್ಲ. ಹರಿದದ್ದನ್ನು ಮುಚ್ಚಬೇಕು ಅಂತ ಇಷ್ಟು ವರ್ಷ ಅಂದುಕೊಂಡಿದ್ದವಳಿಗೆ, ಹರಿದದ್ದೇ ಬಾಗಿಲು ಅಂತ ಒಂದೇ ಬೆಳಗಿನಲ್ಲಿ ಗೊತ್ತಾಗಿಬಿಟ್ಟರೆ ಕೈ ನಿಲ್ಲುವುದಾದರೂ ಹೇಗೆ?

ಮಧ್ಯಾಹ್ನದ ಹೊತ್ತಿಗೆ ಮನೆಯ ಗುಂಪು ಫೋಟೊಗೆ ಕೈ ಹಾಕಿದಳು. ಇಲ್ಲಿ ಮಾತ್ರ ಬಿಸಿಯೂ ನಾಟಲಿಲ್ಲ. ಸ್ಪ್ರಿಂಗುಗಳೊಳಗೆ ಅಂಟು ಇಳಿದು ಕಲ್ಲಾಗಿತ್ತು. ಜಗ್ಗಿದರೆ ತಲೆಗಳೇ ಕಳಚಿ ಬಂದವು, ಒಂದರ ಹಿಂದೊಂದು. ಅಪ್ಪನ ತಲೆ ಒಂದು ಹಳೆಯ ಬೀಗ. ಬಾಯಿ ಬಿಚ್ಚುತ್ತಿದ್ದವನೇ ಅಲ್ಲ. ಅಮ್ಮನದು ಟೀ ಸೋಸುವ ಜರಡಿ. ಯಾರ ಸುಳ್ಳನ್ನೂ ದಾಟಿಹೋಗಲು ಬಿಟ್ಟವಳಲ್ಲ. ಅಕ್ಕನದು ಬೆಂಕಿಪೊಟ್ಟಣ. ತಮ್ಮನ ಹೆಂಡತಿಯದು ಪೌಡರ್ ಡಬ್ಬಿಯ ಮುಚ್ಚಳ, ಒಳಗೆ ಕನ್ನಡಿ. ನಾಯಿಯದು ಬೂಟಿನ ಬ್ರಷ್ಷು. ತಮ್ಮನ ತಲೆ ಮಾತ್ರ ಎಲ್ಲಕ್ಕಿಂತ ಮುದ್ದಾಗಿತ್ತು: ಚೌಕಟ್ಟಿನ ಮರದ ಚೌಕ ತುಂಡು, ಕುಂಚದ ಕೂದಲಿನ ಮೀಸೆ, ಕಣ್ಣಿನ ಜಾಗದಲ್ಲಿ ಅಡ್ಡಲಾಗಿ, ಹಳೆಯ ರಸಮಟ್ಟದಿಂದ ತೆಗೆದ ಗಾಜಿನ ಕೊಳವೆ. ತಲೆ ಚೂರು ಓರೆಯಾದರೂ ಸಾಕು, ಗುಳ್ಳೆ ಅತ್ತ ಓಡಿ ಅನುಮಾನದಿಂದ ನೋಡುತ್ತದೆ.

ಈಗ ಆರು ತಲೆ ಮೇಜಿನ ಮೇಲೆ, ಆರು ಮುಂಡ ರಟ್ಟಿನ ಮೇಲೆ. ಹೊಸ ಸ್ಪ್ರಿಂಗು ತರಲು ಹೊತ್ತಿಲ್ಲ. ಅಕ್ಕ ಕುರ್ಚಿಯಲ್ಲಿ ಕುಸಿದು ಹಣೆ ಒತ್ತಿಕೊಂಡಳು. ತಮ್ಮನ ಹೆಂಡತಿ ಹಗುರ ಮಾಡಲೆಂದು ತನ್ನ ತಲೆಯನ್ನು ಎತ್ತಿ ಗಂಡನ ಮುಂಡದ ಮೇಲಿಟ್ಟು, "ನೋಡಿ ಅತ್ತಿಗೆ, ಮನೆ ನಡೆಸೋದು ಯಾರು ಅಂತ ಈಗ ಸರಿಯಾಗಿ ಕಾಣ್ತಿದೆ" ಅಂದಳು.

ಅಕ್ಕ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಟಿಚ್ ಬಟನ್" ಅಂದಳು.

"ಏನು?"

"ನಿನ್ನ ಹೊಲಿಗೆ ಡಬ್ಬೀಲಿ ಟಿಚ್ ಬಟನ್ ಇದೆಯಾ? ಆ ಒತ್ತೋ ಬಟನ್. ತಲೆಗೊಂದು, ಕುತ್ತಿಗೆಗೊಂದು. ಯಾರ ತಲೆ ಬೇಕಾದ್ರೂ ಯಾರ ಮೇಲೆ ಬೇಕಾದ್ರೂ. ಟಿಕ್. ಅಪ್ಪನ ಮೈಮೇಲೆ ನಾಯಿ ತಲೆ. ಟಿಕ್. ಅಮ್ಮನ ಮೈಮೇಲೆ ನಾನು."

ಇಬ್ಬರೂ ಮಕ್ಕಳಂತೆ ಮೆಟ್ಟಿಲು ಹತ್ತಿ ಓಡಿದರು. ಇಳಿದು ಬಂದು ಒಬ್ಬಳು ಹೊಲಿದಳು, ಒಬ್ಬಳು ಅಂಟಿಸಿದಳು. ಅಂಟು ತಮ್ಮನದೇ, ಈಗ ಅದರ ಗಟ್ಟಿತನ ಉಪಯೋಗಕ್ಕೆ ಬಂತು. ಒಣಗಿದ ಮೇಲೆ ಮೊದಲ ತಲೆಯನ್ನು ಕೂರಿಸಿ ಒತ್ತಿದಾಗ ಆದ ಟಿಕ್ ಶಬ್ದಕ್ಕೆ ಅಕ್ಕನ ಮೈ ಝುಮ್ಮೆಂದಿತು. ಆರು ತಲೆ, ಆರು ಮೈ. ಎಷ್ಟು ಸಂಸಾರಗಳಾಗುತ್ತವೆ ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ಇದೇ ಚಿತ್ರ ಬಾಗಿಲ ಎದುರಿಗೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ. ಇದು ಅವಳು ಮಾಡಿದ ಎಲ್ಲದಕ್ಕಿಂತ ಒಳ್ಳೆಯದು. ಅದು ಅವಳಿಗೆ ಗೊತ್ತಿತ್ತು.

ಇಷ್ಟು ಹೊತ್ತು ಮೂಲೆಯಲ್ಲಿ ಬೆನ್ನು ಹಾಕಿ ಕೂತಿದ್ದ ತಮ್ಮ ಎದ್ದು ಬಂದ. ಚಿತ್ರದಲ್ಲಿ ಅವನ ತಲೆ ಆ ಹೊತ್ತಿಗೆ ನಾಯಿಯ ಮೈಮೇಲಿತ್ತು. ಅದನ್ನು ಅವನು ಕಿತ್ತು, ತನ್ನ ಮೈಮೇಲೆ ಕೂರಿಸಿದ. ಗುಳ್ಳೆ ನಡುವಿಗೆ ಬರುವವರೆಗೂ ಹೆಬ್ಬೆರಳಿನಿಂದ ತಿರುಗಿಸಿ ಮಟ್ಟ ಮಾಡಿದ.

"ಅಕ್ಕಾ, ಒಂದು ಮಾತು."

"ಹೇಳು."

"ನಂದೊಂದು ಅಂಟಿಸಿಬಿಡು."

"ಅಂದ್ರೆ?"

"ಮಿಕ್ಕಿದ್ದು ಏನಾದ್ರೂ ಮಾಡ್ಕೋ. ನನ್ನ ತಲೆ ಒಂದು ನನ್ನ ಮೈಮೇಲೇ ಇರ್ಲಿ. ಗಿರಾಕಿಗಳು ಬರ್ತಾರೆ. ಊರಿಗೆಲ್ಲ ಕಾಗದ ಹಂಚಿ ಬಂದಿದೀಯ. ಇದು ನಾನು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

"ಗೊತ್ತಾಗ್ಲಿ ಅಂತಾನೇ ಮಾಡಿದ್ದು. ಎಷ್ಟು ಚೆನ್ನಾಗಿದೀಯ ನೋಡು."

"ಚೆನ್ನಾಗಿದೀನಿ. ಅದಕ್ಕೇ ಹೇಳ್ತಿರೋದು."

ಅಕ್ಕ ನಕ್ಕಳು. ಉತ್ಸಾಹದಲ್ಲಿದ್ದವಳಿಗೆ ಅವನ ಮುಖ ಕಂಡರೂ ಕಾಣಲಿಲ್ಲ. "ಐದು ತಲೆ ಓಡಾಡೋವಾಗ ನಿಂದೊಂದು ಗೂಟ ಹೊಡ್ಕೊಂಡು ಕೂತ್ರೆ ಆಟ ಕೆಡಲ್ವೇನೋ? ನನ್ನ ತಲೇನೂ ನಾಯಿ ಮೇಲೆ ಹೋಗುತ್ತೆ. ನಂಗೇನೂ ಬೇಜಾರಿಲ್ಲ."

"ನಿಂಗಿಲ್ಲ. ನಂಗಿದೆ."

"ಆಗಲ್ಲ ಕಣೋ. ಬೇರೆ ಏನು ಬೇಕಾದ್ರೂ ಕೇಳು."

ಅವನು ಬೇರೆ ಏನನ್ನೂ ಕೇಳಲಿಲ್ಲ. ಸಂಜೆಯವರೆಗೂ ಕೂತು, ಅಕ್ಕನ ಜಗ್ಗಾಟದಲ್ಲಿ ಕಿತ್ತುಹೋದ ಚೌಕಟ್ಟುಗಳನ್ನೆಲ್ಲ ಮತ್ತೆ ಬಿಗಿದ. ಒಂದರ ಮೂಲೆಯೂ ಕೂದಲೆಳೆಯಷ್ಟು ಸಂದು ಬಿಟ್ಟಿರಲಿಲ್ಲ.

ಮರುದಿನ ಗ್ರಂಥಾಲಯದ ಹಾಲಿನಲ್ಲಿ ಚಿತ್ರಗಳನ್ನು ತೂಗುಹಾಕಿದವನೂ ಅವನೇ. ಏಣಿ ಹತ್ತಿ, ಮಟ್ಟ ಹಿಡಿದು, ಇಳಿದು, ದೂರ ನಿಂತು ನೋಡಿ, ಮತ್ತೆ ಹತ್ತಿ. ಗ್ರಂಥಪಾಲಕಿ ಪಿಸುಮಾತಿನ ಹೆಂಗಸು. ಇಡೀ ಜೀವನ ಸದ್ದು ಮಾಡಬೇಡಿ ಅಂತಲೇ ಕಳೆದು, ಈಗ ಬೆಂಕಿ ಬಿದ್ದರೂ ಪಿಸುಗುಟ್ಟಿಯೇ ಹೇಳುವಷ್ಟು ರೂಢಿಯಾಗಿತ್ತು. ಆಕೆ ಪ್ರತಿ ಪ್ರದರ್ಶನಕ್ಕೂ ಇಡುವ 'ದಯವಿಟ್ಟು ಮುಟ್ಟಬೇಡಿ' ಹಲಗೆಯನ್ನು ತಂದು ಬಾಗಿಲ ಬಳಿ ನಿಲ್ಲಿಸಿದರು.

"ಇದು ಬೇಡ ಮೇಡಂ" ಅಂದಳು ಅಕ್ಕ.

"ನಿಯಮ ಇದೆಯಮ್ಮ."

"ಇರ್ಲಿ ಹಾಗಾದ್ರೆ" ಅಂದು ಅಕ್ಕ ಚೀಲದಿಂದ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೆಗೆದು, ಹತ್ತಿ ತುರುಕಿ, ಹಲಗೆಯ ನಡುವೆ ಕೈ ಚಾಚಿದಂತೆ ಕಟ್ಟಿದಳು. ಹಲಗೆ ತಾನೇ ಮುಂದೆ ಬಂದು ಕೈ ಕುಲುಕಲು ನಿಂತಂತಾಯಿತು. ಗ್ರಂಥಪಾಲಕಿ ಅತ್ತಿತ್ತ ನೋಡಿ, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಆ ಕೈಯನ್ನು ಮೆಲ್ಲಗೆ ಒಮ್ಮೆ ಕುಲುಕಿದರು. ಆಮೇಲೆ ನಿಯಮದ ಮಾತು ಬರಲಿಲ್ಲ.

ಐದಕ್ಕೆ ಜನ ಬಂದರು. ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ನೋಡತೊಡಗಿದರು. ಹಾಂ, ಚೆನ್ನಾಗಿದೆ, ಅಂದರು. ಒಬ್ಬರೂ ಮುಟ್ಟಲಿಲ್ಲ. ಅಕ್ಕ ಒಬ್ಬೊಬ್ಬರ ಕೈಯನ್ನೇ ನೋಡುತ್ತ ನಿಂತಳು. ಇಷ್ಟೆಲ್ಲ ಕಿತ್ತು, ಹರಿದು, ಬಿಡಿಸಿ, ಕೊನೆಗೆ ಇವರೇ ಅಂಟಿಕೊಂಡು ನಿಂತಿದ್ದಾರಲ್ಲ. ಪಕ್ಕದ ಮನೆಯಾಕೆಯ ಚಿತ್ರದ ಮುಂದೆ ಒಬ್ಬ ದಪ್ಪನೆಯ ಬಸ್ ಡ್ರೈವರು ಖಾಕಿಯಲ್ಲೇ ನಿಂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಏನ್ರೀ, ದಿಟ್ಟಿಸಿದ್ರೆ ಬಾಯಿ ಬಿಡ್ತಾಳಾ? ಎಳೀರಿ."

"ಎಳೀಬಹುದಾ?"

"ಎಳೀರಿ ಅಂದೆ."

ಅವನು ಎಳೆದ. ನಾಲಿಗೆ ಗೇಣುದ್ದ ಹೊರಬಿದ್ದು ಅವನ ಮುಂಗೈಗೆ ತಾಗಿತು. ಡ್ರೈವರು ಹೌಹಾರಿ ಹಿಂದೆ ಸರಿದವನು, ಹಿಂದಿದ್ದ ಒಬ್ಬ ನರ್ಸಮ್ಮನ ಕಾಲು ತುಳಿದ. ಇಡೀ ಹಾಲು ಗೊಳ್ಳೆಂದಿತು. ಅಷ್ಟೇ ಸಾಕಾಯಿತು. ಬೆನ್ನ ಹಿಂದಿನ ಕೈಗಳೆಲ್ಲ ಒಮ್ಮೆಗೇ ಬಿಚ್ಚಿಕೊಂಡವು. ಡಯಲ್ ಗರಗರ ತಿರುಗಿತು, ಎರಡು ಬಾಲಗಳು ಎದ್ದವು, ಬಸ್ಸಿನ ಕಿಟಕಿಗಳು ಪಟಪಟ ತೆರೆದು ಮುಚ್ಚಿದವು. ಡ್ರೈವರು ಬಸ್ಸಿನ ಮುಂದೆ ನಿಂತು, "ಇವನು ನನ್ನ ಬಸ್ಸಲ್ಲೇ ಬರೋದು ಕಣ್ರೀ, ದಿನಾ ಸ್ಟಾಪು ತಪ್ಪಿಸ್ಕೊಳ್ತಾನೆ" ಅಂತ ಸಾಕ್ಷಿ ಹೇಳುತ್ತಿದ್ದ. ಊರುಗೋಲಿನ ಮುದುಕರೊಬ್ಬರು ದಾರ ಎಳೆದು, ಬಟ್ಟೆಯ ಕೈಗೆ ತಾವೂ ಟಾಟಾ ಮಾಡಿದರು. ಗ್ರಂಥಪಾಲಕಿ ಗಟ್ಟಿಯಾಗಿ ನಕ್ಕು, ತಮ್ಮ ನಗು ತಮಗೇ ಕೇಳಿಸಿ ಬಾಯಿ ಮುಚ್ಚಿಕೊಂಡರು. ಅಕ್ಕ ಗೋಡೆಯಿಂದ ಗೋಡೆಗೆ ಓಡಾಡಿದಳು. ಅವಳಿಗೆ ತಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದು. ಕೋಣೆಯೊಳಗೆ ಒಬ್ಬಳೇ ಸುತ್ತು ಹಾಕುತ್ತಿದ್ದಳಲ್ಲ, ಇಂದು ಇಡೀ ಹಾಲೇ ಅವಳ ಜೊತೆ ಸುತ್ತು ಹಾಕುತ್ತಿತ್ತು.

ಒಂದು ಕಿಟಕಿಯ ಕೀಲು ಕಳಚಿ ಕೆಳಗೆ ಬಿತ್ತು. ತಮ್ಮ ಎಲ್ಲಿಂದಲೋ ಓಡಿಬಂದು, ಮಂಡಿಯೂರಿ ಅದನ್ನು ಹೆಕ್ಕಿ, ಜೇಬಿನಿಂದ ಅಂಟಿನ ಟ್ಯೂಬು ತೆಗೆದ.

"ಬಿಡೋ, ಬೀಳ್ಲಿ" ಅಂದಳು ಅಕ್ಕ ಹಾದುಹೋಗುತ್ತಲೇ. ಅವನು ಟ್ಯೂಬನ್ನು ಮತ್ತೆ ಜೇಬಿಗಿಳಿಸಿದ.

ಬಾಗಿಲೆದುರಿನ ಗುಂಪು ಫೋಟೊದ ಮುಂದೆ ನೂಕುನುಗ್ಗಲು. ಟಿಕ್, ಟಿಕ್, ಟಿಕ್. ಬೀಗದ ತಲೆ ಸೊಸೆಯ ಮೈಮೇಲೆ ಹೋಯಿತು. ಜರಡಿ ನಾಯಿಯ ಮೇಲಿಂದ ಮಗನ ಮೇಲೆ ಬಂತು. "ನಮ್ಮತ್ತೇನ ಇಲ್ಲಿ ಹಾಕಿ, ಇಲ್ಲಿ" ಅಂತ ಒಬ್ಬಳು ನಗುತ್ತ ಜಾಗ ತೋರಿಸುತ್ತಿದ್ದಳು. ಅಷ್ಟರಲ್ಲಿ ಅವರ ಬೀದಿಯ ದಿನಸಿ ಅಂಗಡಿಯವನು ಮರದ ಚೌಕ ತಲೆಯನ್ನು ಕೈಯಲ್ಲಿ ಹಿಡಿದು, ಓರೆ ಮಾಡಿ, ಗುಳ್ಳೆ ಓಡುವುದನ್ನು ಕಂಡ.

"ಅಯ್ಯ, ಇದು ನಮ್ಮ ರಸಮಟ್ಟ" ಅಂದ.

ಗುರುತು ಹಿಡಿದವರೆಲ್ಲ ಹತ್ತಿರ ಬಂದರು. ತಲೆ ನಾಯಿಯ ಮೇಲೆ ಹೋಯಿತು. ಅಲ್ಲಿಂದ ಹೆಂಡತಿಯ ಸೀರೆಯ ಮೇಲೆ. ಯಾರೋ ಅದನ್ನು ತಲೆಕೆಳಗಾಗಿ ಒತ್ತಿದರು. ಮೀಸೆ ಮೇಲೆ, ಕಣ್ಣು ಕೆಳಗೆ. ನಗು ಏರಿತು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಮಟ್ಟ ಸರಿಯಾಗಿದೆಯಾ ನೋಡಪ್ಪಾ" ಅಂತ ದಿನಸಿಯವನು ತಿರುಗಿ ಕೇಳಿದ. ಆಗಲೇ ಎಲ್ಲರಿಗೂ ಗೊತ್ತಾದದ್ದು, ಆ ತಲೆಯ ಯಜಮಾನ ಅವರ ಹಿಂದೆಯೇ ನಿಂತಿದ್ದಾನೆ ಅಂತ.

ಜನ ದಾರಿ ಬಿಟ್ಟರು. ತಮ್ಮ ಮುಂದೆ ಬಂದು ತನ್ನ ತಲೆಯನ್ನು ಸೀರೆಯ ಮೇಲಿಂದ ಕಳಚಿದ. ಟಿಕ್. ತನ್ನ ಮೈಮೇಲೆ ಇಡುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಅದನ್ನು ಅಂಗಿಯ ಅಂಚಿನಿಂದ ಒರೆಸಿ ಜೇಬಿಗೆ ಹಾಕಿಕೊಂಡ.

"ಏನೋ ಅದು?" ಅಂದಳು ಅಕ್ಕ.

"ನಂದು, ನಾನು ತಗೊಂಡೆ."

"ಪ್ರದರ್ಶನ ನಡೀತಾ ಇದೆ ಕಣೋ. ಅರ್ಧ ಗಂಟೆ ಬಿಟ್ಟು ತಗೋ."

"ನಿನ್ನೆಯೇ ಕೇಳಿದ್ದೆ ಅಕ್ಕಾ" ಅಂದ. ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಹತ್ತು ಮಾತು ತಿರುಗಿ ಅಂದು ಅಲ್ಲೇ ಮುಗಿಸುತ್ತಿದ್ದಳು.

ಅವನು ಗುಂಪು ಫೋಟೊದ ಚೌಕಟ್ಟು ಚೂರು ಓರೆಯಾಗಿದ್ದುದನ್ನು ಕಂಡು ಎರಡು ಬೆರಳಲ್ಲಿ ನೇರ ಮಾಡಿದ. ಆಮೇಲೆ ಬಾಗಿಲ ಕಡೆ ನಡೆದ. ಅವನ ಹೆಂಡತಿ ಬಸ್ಸಿನ ಬಳಿಯಿಂದ, "ಎಲ್ಲಿಗ್ರೀ?" ಅಂದಳು. ಅವನು ತಿರುಗಲಿಲ್ಲ. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ಇಳಿದುಹೋಯಿತು.

ಅಕ್ಕ ಬಾಗಿಲವರೆಗೆ ಹೋದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದಳು ಕೂಡ. ಹಿಂದಿನಿಂದ ನರ್ಸಮ್ಮ ಕರೆದಳು, "ಅಮ್ಮಾ, ಈ ಬೆಕ್ಕಿನ ಇನ್ನೊಂದು ಬಾಲ ಹೇಗೆ ಆಡ್ಸೋದು? ಬನ್ನಿ, ತೋರ್ಸಿ." ಆ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಅಕ್ಕನ ಕಾಲು ತಾನಾಗಿಯೇ ಒಳಗೆ ಬಂತು. ತೋರಿಸಿದಳು. ಇನ್ನೊಬ್ಬರು ಕರೆದರು, ಅವರಿಗೂ ತೋರಿಸಿದಳು. ಕೈ ಕೈಯ ಕೆಲಸ ಮಾಡುತ್ತಿತ್ತು, ಬಾಯಿ ನಗುತ್ತಿತ್ತು, ಎದೆಯೂ ಇನ್ನೂ ಡವಡವ ಅನ್ನುತ್ತಿತ್ತು. ಅದು ಸುಳ್ಳಲ್ಲ. ಜೊತೆಗೆ ಕಣ್ಣು ಆಗಾಗ ಬಾಗಿಲಿಗೆ ಹೋಗುತ್ತಿತ್ತು, ಅದೂ ಸುಳ್ಳಲ್ಲ.

ತಡವಾಗಿ ಬಂದ ದಂಪತಿ ಗುಂಪು ಫೋಟೊದ ಮುಂದೆ ನಿಂತು ತಲೆಗಳನ್ನು ಅದಲುಬದಲು ಮಾಡಿದರು. ಏನು ಮಾಡಿದರೂ ಒಂದು ಮೈ ಖಾಲಿ ಉಳಿಯುತ್ತಿತ್ತು. ಆ ಕುತ್ತಿಗೆಯ ಮೇಲೆ ಬರೀ ಒಂದು ಬಟನ್ನು ಹೊಳೆಯುತ್ತಿತ್ತು.

"ಇವನ ತಲೆ ಎಲ್ಲಿ?" ಅಂತ ಆಕೆ ಕೇಳಿದರು.

"ಟೀ ಕುಡಿಯೋಕೆ ಹೋಗಿದೆ" ಅಂದಳು ಅಕ್ಕ. "ಬರುತ್ತೆ."

ದಂಪತಿ ನಕ್ಕು ಕಾದರು. ಅಕ್ಕನೂ ಅವರ ಪಕ್ಕದಲ್ಲೇ ನಿಂತು ಕಾದಳು. ಗ್ರಂಥಪಾಲಕಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ಅವನು ಬರಲಿಲ್ಲ.